ಪದವಿ ಮುಗಿಸಿ ಮೊಬೈಲ್ ಆ್ಯಪ್ ಡೆವಲಪರ್ ಆಗುವುದು: ಮಲೆನಾಡಿನ ವಿದ್ಯಾರ್ಥಿಗಳೂ ಪೋಷಕರೂ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಅಂತಿಮ ವರ್ಷದ ವಿದ್ಯಾರ್ಥಿಗಳು ಮತ್ತು ಅವರ ತಂದೆತಾಯಿಗಳು ಹಲವು ವರ್ಷಗಳಿಂದ ನನ್ನನ್ನು ಕೇಳುತ್ತ ಬಂದಿರುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿ, ಉತ್ತರಿಸಿದ್ದೇನೆ. ಬೆಂಗಳೂರಿನಲ್ಲಿ 9 ವರ್ಷ ಆಂಡ್ರಾಯ್ಡ್ ಕೆಲಸ ಮಾಡಿ, ಈಗ ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯಿಂದಲೇ ಅದನ್ನು ಮುಂದುವರಿಸಿರುವವನು ನಾನಾದ್ದರಿಂದ, ಉತ್ತರಗಳು ಆಂಡ್ರಾಯ್ಡಿನ ಕಡೆಗೆ ಸ್ವಲ್ಪ ವಾಲಿರುವುದು ಸಹಜ.

ಆ್ಯಪ್ ಡೆವಲಪರ್ ದಿನವಿಡೀ ಮಾಡುವ ಕೆಲಸವಾದರೂ ಏನು?

ಹೊರಗಿನಿಂದ ನೋಡುವವರಿಗೆ ಇದು ಹೊಸ ಹೊಸ ಆ್ಯಪ್‌ಗಳನ್ನು ಕಟ್ಟುವ ಕೆಲಸದಂತೆ ಕಾಣುತ್ತದೆ. ಆದರೆ ಕೆಲಸಕ್ಕೆ ಸೇರಿದವರ ಹೆಚ್ಚಿನ ಹೊತ್ತು ಹೋಗುವುದು ಬೇರೆಯವರು ಬರೆದಿಟ್ಟ ಕೋಡನ್ನು ಓದುವುದರಲ್ಲಿ, ಯಾವುದೋ ಒಂದು ಮಾದರಿಯ ಫೋನಿನಲ್ಲಿ ಮಾತ್ರ ಆ್ಯಪ್ ತಟ್ಟನೆ ಮುಚ್ಚಿಕೊಳ್ಳುವುದೇಕೆ ಎಂದು ಹುಡುಕುವುದರಲ್ಲಿ, ಹಾಗೂ ಒಂದು ಬಟನ್ ಎಲ್ಲಿರಬೇಕೆಂದು ವಿನ್ಯಾಸ ಮಾಡುವವರೊಡನೆ ಚರ್ಚಿಸುವುದರಲ್ಲಿ. ಬೆಳಿಗ್ಗೆ ಹಿಂದಿನ ದಿನದ ಕ್ರ್ಯಾಶ್ ವರದಿಗಳನ್ನು ನೋಡಿ, ತಂಡದವರೊಂದಿಗೆ ಕಾಲು ಗಂಟೆ ಮಾತನಾಡಿ, ತಮಗೆ ಒಪ್ಪಿಸಿದ ಭಾಗವನ್ನು ಬರೆದು, ಕೋಡಿನ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಗಿಟ್‌ಗೆ ಸೇರಿಸಿ, ಸಹೋದ್ಯೋಗಿಯೊಬ್ಬರ ಪರಿಶೀಲನೆಗೆ ಕಳುಹಿಸುವುದು ಸಾಮಾನ್ಯ ದಿನಚರಿ. ಪರಿಶೀಲಿಸಿದವರು ಹತ್ತು ತಪ್ಪು ತೋರಿಸಿದರೆ ಅದನ್ನು ಅವಮಾನವೆಂದು ತಿಳಿಯದ ಸ್ವಭಾವ ಬೇಕು. ನನ್ನ ಜೊತೆ ಸೇರಿ ಮೊದಲ ವರ್ಷದಲ್ಲೇ ಕೆಲಸ ಬಿಟ್ಟವರಲ್ಲಿ ಹೆಚ್ಚಿನವರಿಗೆ ಕೋಡ್ ಚೆನ್ನಾಗಿಯೇ ಬರುತ್ತಿತ್ತು. ತಾಳಿಕೊಳ್ಳಲಾಗದೆ ಹೋದದ್ದು ಈ ತಿದ್ದುಪಡಿಗಳನ್ನು.

ಬಿಇ ಮಾಡಿದವರಿಗೆ ಮಾತ್ರ ಕೆಲಸ ಸಿಗುತ್ತದೆಯೆ? ಬಿಸಿಎ ಓದಿದವರು ಏನು ಮಾಡಬೇಕು?

1980ರಲ್ಲಿ ಆರಂಭವಾದ ಶಿವಮೊಗ್ಗದ ಜವಾಹರಲಾಲ್ ನೆಹರೂ ರಾಷ್ಟ್ರೀಯ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಬಿಇ ಮುಗಿಸಿದವರೂ, 1987ರಲ್ಲಿ ಸ್ಥಾಪನೆಯಾಗಿ ಶಂಕರಘಟ್ಟದಲ್ಲಿ ನೆಲೆಗೊಂಡ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳಲ್ಲಿ ಬಿಸಿಎ ಮುಗಿಸಿದವರೂ ಒಂದೇ ತಂಡದಲ್ಲಿ ಅಕ್ಕಪಕ್ಕ ಕುಳಿತು ದುಡಿಯುವುದನ್ನು ಕಂಡಿದ್ದೇನೆ. ವ್ಯತ್ಯಾಸವಿರುವುದು ಬಾಗಿಲಿನಲ್ಲಿ ಮಾತ್ರ. ಕ್ಯಾಂಪಸ್ಸಿಗೆ ಬರುವ ದೊಡ್ಡ ಕಂಪನಿಗಳು ಪದವಿಯ ಹೆಸರು ಮತ್ತು ಶೇಕಡಾವಾರು ಅಂಕಗಳನ್ನು ನೋಡಿ ಮೊದಲ ಸುತ್ತಿನಲ್ಲೇ ಜರಡಿ ಹಿಡಿಯುತ್ತವೆ. ಹತ್ತಿಪ್ಪತ್ತು ಜನರಿರುವ ಸಣ್ಣ ಕಂಪನಿಗಳು ಹಾಗೆ ಮಾಡುವುದು ಕಡಿಮೆ. ಅವರಿಗೆ ಬೇಕಾದದ್ದು ಬಂದ ವಾರವೇ ಕೆಲಸಕ್ಕೆ ಕೈ ಹಚ್ಚಬಲ್ಲವರು. ಬಿಸಿಎ ಓದಿದವರು ಈ ಎರಡನೆಯ ಬಾಗಿಲನ್ನು ತಟ್ಟುವುದು ಒಳ್ಳೆಯದು, ಮತ್ತು ತಟ್ಟುವಾಗ ಕೈಯಲ್ಲಿ ತೋರಿಸಲು ಒಂದು ಆ್ಯಪ್ ಇರಬೇಕು. ಎರಡು ವರ್ಷ ಕೆಲಸ ಮಾಡಿದ ಮೇಲೆ ಯಾವ ಪದವಿ ಎಂದು ಕೇಳುವವರು ತೀರ ವಿರಳ.

ಕಾಲೇಜಿನಲ್ಲಿ ಓದಿದ ವಿಷಯಗಳು ಉಪಯೋಗಕ್ಕೆ ಬರುತ್ತವೆಯೆ?

ಬರುತ್ತವೆ, ಆದರೆ ಪರೀಕ್ಷೆಯಲ್ಲಿ ಹೆಚ್ಚು ಅಂಕ ತಂದುಕೊಟ್ಟ ಭಾಗಗಳೇ ಬರುತ್ತವೆ ಎಂದೇನಿಲ್ಲ. ಡೇಟಾಬೇಸ್, ಆಪರೇಟಿಂಗ್ ಸಿಸ್ಟಮ್, ಕಂಪ್ಯೂಟರ್ ನೆಟ್‌ವರ್ಕ್ ಈ ಮೂರನ್ನು ಶ್ರದ್ಧೆಯಿಂದ ಓದಿಕೊಂಡಿರಿ. ಫೋನಿನೊಳಗೆ ಲೆಕ್ಕ ಇಡುವುದು ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್; ಆ್ಯಪ್ ಜಡವಾಗಿ ನಿಲ್ಲುವುದು, ಅದರೊಳಗೆ ಜೊತೆಜೊತೆಗೆ ಓಡುವ ಕೆಲಸದ ಎಳೆಗಳಾದ ಥ್ರೆಡ್‌ಗಳ ವಿಷಯ ಅರಿಯದೆ ಬರೆದಾಗ.

ಕೋಟ್ಲಿನ್, ಸ್ವಿಫ್ಟ್, ಫ್ಲಟರ್, ರಿಯಾಕ್ಟ್ ನೇಟಿವ್ ಇವುಗಳಲ್ಲಿ ಯಾವುದನ್ನು ಕಲಿಯಬೇಕು?

ಆ್ಯಪಲ್ ತನ್ನ ಆ್ಯಪ್ ಸ್ಟೋರ್ ತೆರೆದದ್ದು 2008ರ ಜುಲೈನಲ್ಲಿ. ಮೊದಲ ಆಂಡ್ರಾಯ್ಡ್ ಫೋನ್ ಬಂದದ್ದೂ ಅದೇ ವರ್ಷ. ಆಗ ಐಫೋನಿಗೆ ಆಬ್ಜೆಕ್ಟಿವ್-ಸಿ, ಆಂಡ್ರಾಯ್ಡಿಗೆ ಜಾವಾ ಬಳಸುತ್ತಿದ್ದರು. 2014ರಲ್ಲಿ ಐಫೋನಿಗೆ ಸ್ವಿಫ್ಟ್ ಎಂಬ ಹೊಸ ಭಾಷೆ ಬಂತು, 2015ರಲ್ಲಿ ಒಂದೇ ಕೋಡಿನಿಂದ ಎರಡೂ ಬಗೆಯ ಫೋನಿಗೆ ಆ್ಯಪ್ ಮಾಡುವ ರಿಯಾಕ್ಟ್ ನೇಟಿವ್ ಬಂತು, 2017ರಲ್ಲಿ ಗೂಗಲ್ ಆಂಡ್ರಾಯ್ಡಿನ ಭಾಷೆಯಾಗಿ ಕೋಟ್ಲಿನ್‌ಗೆ ಮಾನ್ಯತೆ ಕೊಟ್ಟು 2019ರಲ್ಲಿ ಅದಕ್ಕೇ ಆದ್ಯತೆಯೆಂದು ಸಾರಿತು, 2018ರ ಡಿಸೆಂಬರ್‌ನಲ್ಲಿ ಫ್ಲಟರ್‌ನ ಮೊದಲ ಸ್ಥಿರ ಆವೃತ್ತಿ ಹೊರಬಂತು, 2021ರಲ್ಲಿ ಆಂಡ್ರಾಯ್ಡಿನ ಪರದೆಗಳನ್ನು ಬರೆಯುವ ಕ್ರಮವನ್ನೇ ಬದಲಿಸಿದ ಜೆಟ್‌ಪ್ಯಾಕ್ ಕಂಪೋಸ್ ಬಂತು. ಇಷ್ಟನ್ನೂ ಹೇಳಿದ್ದು ಒಂದೇ ಕಾರಣಕ್ಕೆ: ನಾಲ್ಕು ವರ್ಷದ ಪದವಿ ಮುಗಿಯುವಷ್ಟರಲ್ಲಿ ಉಪಕರಣ ಬದಲಾಗಿರುತ್ತದೆ, ಆದ್ದರಿಂದ ನಾಲ್ಕನ್ನೂ ಮೇಲುಮೇಲೆ ಮುಟ್ಟುವುದಕ್ಕಿಂತ ಒಂದರಲ್ಲಿ ಆಳಕ್ಕೆ ಇಳಿದವರಿಗೆ ಮುಂದಿನದು ಸುಲಭವಾಗುತ್ತದೆ.

ನನ್ನ ಅಭಿಪ್ರಾಯ ಕೇಳುವುದಾದರೆ, ಕಂಪನಿಯೊಂದರಲ್ಲಿ ಕೆಲಸ ಹುಡುಕುವವರು ಕೋಟ್ಲಿನ್‌ನಿಂದ ಆರಂಭಿಸಲಿ. ಸಣ್ಣ ವ್ಯಾಪಾರಿಗಳಿಗೆ ತಾವೇ ಆ್ಯಪ್ ಮಾಡಿಕೊಡಬೇಕೆಂದಿರುವವರು, ಒಂದೇ ಕೋಡಿನಿಂದ ಎರಡೂ ಬಗೆಯ ಫೋನುಗಳಿಗೆ ಆ್ಯಪ್ ಸಿದ್ಧವಾಗುವ ಕಾರಣ, ಫ್ಲಟರ್‌ನಿಂದ ಆರಂಭಿಸಲಿ.

ಎಂಥ ಕಂಪ್ಯೂಟರ್ ಬೇಕು? ಒಟ್ಟು ಖರ್ಚು ಎಷ್ಟು?

ಆಂಡ್ರಾಯ್ಡ್ ಸ್ಟುಡಿಯೋ ಉಚಿತ. ಆದರೆ ಅದು ಹೊಟ್ಟೆಬಾಕ. 8 ಜಿಬಿ ರ‍್ಯಾಮ್ ಇದ್ದರೆ ಹೇಗೋ ನಡೆಯುತ್ತದೆ, 16 ಜಿಬಿ ಇದ್ದರೆ ನೆಮ್ಮದಿ. ಹಣ ಕಡಿಮೆಯಿದ್ದರೆ ಲ್ಯಾಪ್‌ಟಾಪಿನ ಅಂದಚೆಂದ ಬಿಟ್ಟು ರ‍್ಯಾಮ್ ಮತ್ತು ಎಸ್‌ಎಸ್‌ಡಿಗೆ ಖರ್ಚು ಮಾಡಿ. ಕಂಪ್ಯೂಟರಿನೊಳಗೆ ಓಡುವ ನಕಲಿ ಫೋನಿನ ಬದಲು ನಿಜವಾದ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಪರೀಕ್ಷಿಸಿದರೆ ಕಂಪ್ಯೂಟರಿನ ಹೊರೆ ಅರ್ಧ ಇಳಿಯುತ್ತದೆ. ಅದಕ್ಕೆ ಮನೆಯಲ್ಲಿ ಮೂಲೆ ಸೇರಿರುವ ಹಳೆಯ ಫೋನೇ ಶ್ರೇಷ್ಠ, ಏಕೆಂದರೆ ನಿಮ್ಮ ಆ್ಯಪ್ ಬಳಸುವವರ ಕೈಯಲ್ಲಿರುವುದೂ ಅಂಥದ್ದೇ. ಐಫೋನ್ ಆ್ಯಪ್ ಬರೆಯುವ ಎಕ್ಸ್‌ಕೋಡ್ ಮಾತ್ರ ಮ್ಯಾಕ್ ಕಂಪ್ಯೂಟರಿನಲ್ಲಷ್ಟೇ ಓಡುತ್ತದೆ. ಪ್ಲೇ ಸ್ಟೋರಿನಲ್ಲಿ ಡೆವಲಪರ್ ಖಾತೆ ತೆರೆಯಲು ಒಮ್ಮೆ 25 ಡಾಲರ್ ಕಟ್ಟಿದರೆ ಸಾಕು, ಆ್ಯಪಲ್‌ಗೆ ಪ್ರತಿ ವರ್ಷ 99 ಡಾಲರ್ ಕಟ್ಟಬೇಕು. ವಿದ್ಯಾರ್ಥಿಗಳು ಎರಡನೆಯದರ ಗೊಡವೆಗೆ ಹೋಗದಿರುವುದು ಜಾಣತನ.

ಮೊದಲ ಆ್ಯಪ್ ಯಾವುದಿರಬೇಕು?

ಈ ಪ್ರಶ್ನೆಗೆ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಕೆಲಸ ಸಿಗುವುದೂ ಸಿಗದಿರುವುದೂ ಬಹುಮಟ್ಟಿಗೆ ಇಲ್ಲೇ ತೀರ್ಮಾನವಾಗುತ್ತದೆ. ಅಂತಿಮ ವರ್ಷದ ಪ್ರಾಜೆಕ್ಟ್‌ಗಳಲ್ಲಿ ಹವಾಮಾನ ತೋರಿಸುವ ಆ್ಯಪ್, ಮಾಡಬೇಕಾದ ಕೆಲಸಗಳ ಪಟ್ಟಿಯ ಆ್ಯಪ್, ಊಟ ತರಿಸುವ ಆ್ಯಪಿನ ನಕಲು, ಇವು ನೂರಾರು ಇರುತ್ತವೆ. ಸಂದರ್ಶನ ಮಾಡುವವರು ಅವನ್ನು ನೋಡಿ ನೋಡಿ ದಣಿದಿರುತ್ತಾರೆ. ಅದರ ಬದಲು ನಿಮ್ಮ ಮನೆಯಲ್ಲಿ ಯಾರೋ ಒಬ್ಬರು ಇಂದಿಗೂ ನೋಟುಪುಸ್ತಕದಲ್ಲಿ ಬರೆದಿಡುತ್ತಿರುವ ಲೆಕ್ಕವೊಂದನ್ನು ಎತ್ತಿಕೊಳ್ಳಿ.

ನಾನು ಎತ್ತಿಕೊಂಡದ್ದು ಅಡಿಕೆ ಸುಲಿತದ ಲೆಕ್ಕ. ಕೊನೆ ಕೊಯ್ಲಿನ ಕಾಲದಲ್ಲಿ ನಮ್ಮ ಅಂಗಳದಲ್ಲಿ ಹತ್ತು ಹನ್ನೆರಡು ಜನ ಅಡಿಕೆ ಸುಲಿಯಲು ಕೂರುತ್ತಿದ್ದರು. ಯಾರು ಎಷ್ಟು ಡಬ್ಬ ಸುಲಿದರು, ಯಾರಿಗೆ ಎಷ್ಟು ಮುಂಗಡ ಹೋಗಿದೆ, ವಾರದ ಕೊನೆಗೆ ಎಷ್ಟು ಕೊಡಬೇಕು ಎಂಬುದನ್ನು ಅಮ್ಮ ಒಂದು ಹಳೆಯ ಡೈರಿಯಲ್ಲಿ ಬರೆದಿಡುತ್ತಿದ್ದರು. ಇದನ್ನು ಆ್ಯಪ್ ಮಾಡುವುದು ಒಂದು ಸಂಜೆಯ ಕೆಲಸವೆಂದುಕೊಂಡಿದ್ದೆ. ನಾಲ್ಕು ತಿಂಗಳು ಹಿಡಿಯಿತು.

ಮೊದಲನೆಯದಾಗಿ, ಅಮ್ಮನ ಬೆರಳಿಗೆ ಅಡಿಕೆಯ ಚೊಗರು ಅಂಟಿರುತ್ತಿದ್ದ ಕಾರಣ ಸಣ್ಣ ಬಟನ್‌ಗಳು ಒತ್ತಿದರೂ ಹತ್ತುತ್ತಿರಲಿಲ್ಲ. ಪರದೆಯ ಅರ್ಧದಷ್ಟು ದೊಡ್ಡ ಬಟನ್ ಮಾಡಬೇಕಾಯಿತು. ಎರಡನೆಯದಾಗಿ, ಮಧ್ಯದಲ್ಲಿ ಯಾರದೋ ಕರೆ ಬಂದು ಅವರು ಮಾತು ಮುಗಿಸಿ ಮರಳುವಷ್ಟರಲ್ಲಿ, ಫೋನಿನ ನೆನಪಿನಲ್ಲಿ ಜಾಗ ಸಾಲದೆ ಆಂಡ್ರಾಯ್ಡ್ ನನ್ನ ಆ್ಯಪನ್ನು ಮುಚ್ಚಿಬಿಟ್ಟಿರುತ್ತಿತ್ತು, ಅರ್ಧ ಬರೆದ ಲೆಕ್ಕ ಮಾಯವಾಗುತ್ತಿತ್ತು. ಒಂದೊಂದು ಅಂಕಿಯನ್ನೂ ಬರೆದ ಕೂಡಲೇ ಉಳಿಸಿಡಬೇಕೆಂದು ತಿಳಿದದ್ದು ಆಗ. ಮೂರನೆಯದಾಗಿ, ಹಣವನ್ನು ದಶಮಾಂಶದ ಸಂಖ್ಯೆಯಾಗಿ ಇಟ್ಟಿದ್ದರಿಂದ ಹತ್ತಾರು ಸಲ ಕೂಡಿದಾಗ ಪೈಸೆಗಳಲ್ಲಿ ವ್ಯತ್ಯಾಸ ಬಂದು, ಆ್ಯಪಿನ ಮೊತ್ತವೂ ಡೈರಿಯ ಮೊತ್ತವೂ ತಾಳೆಯಾಗಲಿಲ್ಲ. ಹಣವನ್ನು ಪೈಸೆಯ ಪೂರ್ಣ ಸಂಖ್ಯೆಯಲ್ಲಿ ಇಡಬೇಕೆಂಬ ಪಾಠವನ್ನು ಡೈರಿ ನನಗೆ ಕಲಿಸಿತು. ಕೊನೆಯದಾಗಿ, ಅಪ್ಪನ ಫೋನಿನಲ್ಲೂ ಅದೇ ಲೆಕ್ಕ ಕಾಣಬೇಕೆಂದು ಹೊರಟಾಗ, ನೆಟ್‌ವರ್ಕ್ ಇಲ್ಲದ ಹೊತ್ತಿನಲ್ಲಿ ಇಬ್ಬರೂ ಸುಲಿಯುವವರಲ್ಲಿ ಒಬ್ಬಳದೇ ಹೆಸರಿಗೆ ಬೇರೆ ಬೇರೆ ಮುಂಗಡ ಬರೆದರೆ ಸಿಗ್ನಲ್ ಬಂದ ಮೇಲೆ ಯಾವುದು ಉಳಿಯಬೇಕು ಎಂಬ ಪ್ರಶ್ನೆ ಎದ್ದಿತು. ಒಂದು ಇನ್ನೊಂದನ್ನು ಅಳಿಸದಂತೆ, ಪ್ರತಿ ಮುಂಗಡವನ್ನೂ ತನ್ನದೇ ಗುರುತಿನ ಸಂಖ್ಯೆಯುಳ್ಳ ಪ್ರತ್ಯೇಕ ಸಾಲಾಗಿ ಇಡುವುದೇ ಪರಿಹಾರವಾಯಿತು. ಅಮ್ಮನ ಡೈರಿಯಲ್ಲಿ ಇದ್ದದ್ದೂ ಹಾಗೆಯೇ, ಒಂದರ ಕೆಳಗೊಂದು ಸಾಲು.

ಬೆಂಗಳೂರಿನ ನನ್ನ ಮೊದಲ ಸಂದರ್ಶನದಲ್ಲಿ ನಲವತ್ತು ನಿಮಿಷ ನಡೆದದ್ದು ಈ ಆ್ಯಪಿನ ಮಾತೇ. ನಿಮ್ಮಲ್ಲಿ ಹಾಲಿನ ಡೈರಿಯ ಲೆಕ್ಕ ಇರಬಹುದು, ಅಡಿಕೆ ಚೇಣಿಯ (ಫಸಲಿನ ಗುತ್ತಿಗೆಯ) ಲೆಕ್ಕ ಇರಬಹುದು, ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಅಡಿಕೆ ಬಗೆಗಳ ಕ್ವಿಂಟಾಲ್ ದರವನ್ನು ದಿನದಿನಕ್ಕೆ ಗುರುತು ಹಾಕಿಕೊಳ್ಳುವ ಅಜ್ಜ ಇರಬಹುದು. ಬಳಸುವವರು ಐದೇ ಜನರಾದರೂ ಚಿಂತೆಯಿಲ್ಲ. ಅವರು ನಿಮ್ಮನ್ನು ಬಯ್ಯುವಷ್ಟು ಬಳಸಬೇಕು.

ಕನ್ನಡದಲ್ಲಿ ಆ್ಯಪ್ ಮಾಡುವುದಕ್ಕೆ ಬೇರೆ ತಯಾರಿ ಬೇಕೆ?

ಬೇಕು, ಮತ್ತು ಇದು ನಮ್ಮ ಕಡೆಯ ಪದವೀಧರರಿಗೆ ಕೈಯಲ್ಲೇ ಇರುವ ಬಂಡವಾಳ. ಇಂಗ್ಲಿಷಿಗೆಂದು ಬರೆದ ಪರದೆಗೆ ಕನ್ನಡ ತುಂಬಿದಾಗ ಸಾಲುಗಳ ನಡುವೆ ಜಾಗ ಸಾಲದೆ ಒತ್ತಕ್ಷರಗಳ ಬಾಲ ಕತ್ತರಿಸಿಹೋಗುತ್ತದೆ. ‘ಸಂಸ್ಕೃತಿ’ ಎಂಬ ಪದವನ್ನು ಹಾಕಿ ನೋಡಿದರೆ ಒಂದು ಕ್ಷಣದಲ್ಲಿ ಗೊತ್ತಾಗುತ್ತದೆ. ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಸಂಕೇತಪದ್ಧತಿಯಾದ ಯೂನಿಕೋಡ್‌ನಲ್ಲಿ ಆರು ಸಂಕೇತಗಳು. ಹೆಸರು ಹತ್ತು ಅಕ್ಷರ ಮೀರಬಾರದೆಂದು ಸಂಕೇತಗಳನ್ನು ಎಣಿಸುವ ಆ್ಯಪ್ ಅಂಥ ಹೆಸರನ್ನು ನಡುವೆಯೇ ಮುರಿಯುತ್ತದೆ.

ಹುಡುಕಾಟದಲ್ಲಿ ಇದಕ್ಕಿಂತ ಗೂಢವಾದ ತೊಡಕಿದೆ. ‘ಕೊ’ ಎಂಬುದರಲ್ಲಿನ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು; ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಎರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳದೆ ಹುಡುಕಿದರೆ ‘ಕೊಪ್ಪ’ ಎಂದು ಟೈಪ್ ಮಾಡಿದವರಿಗೆ ಪಟ್ಟಿಯಲ್ಲೇ ಇರುವ ಕೊಪ್ಪ ಸಿಗದೆ ಹೋಗುತ್ತದೆ. ಹಾಗೆಯೇ ‘ಸರ್ವರ್‌ನಲ್ಲಿ’ ಎಂಬ ಪದದೊಳಗೆ ಕಣ್ಣಿಗೆ ಕಾಣದ ಒಂದು ಸಂಕೇತ ಇದೆ. ಕಾಣದ್ದೆಲ್ಲ ಕಸವೆಂದು ಅದನ್ನು ಅಳಿಸುವ ಕೋಡನ್ನು ನಾನೇ ಒಮ್ಮೆ ಬರೆದು, ನೂರಾರು ಪದಗಳಿಗೆ ಬೇಡದ ಒತ್ತು ಬೀಳುವಂತೆ ಮಾಡಿದ್ದೆ. ಸಹಕಾರ ಸಂಘಗಳೂ ಪಂಚಾಯಿತಿಗಳೂ ಕೊಡುವ ಹಳೆಯ ಕಡತಗಳಲ್ಲಿ ಅನೇಕವು ಯೂನಿಕೋಡ್ ಅಲ್ಲದ ನುಡಿ ಅಥವಾ ಬರಹ ಫಾಂಟಿನಲ್ಲಿರುತ್ತವೆ, ಅವನ್ನು ಮೊದಲು ಪರಿವರ್ತಿಸಿಕೊಳ್ಳಬೇಕು.

ಇನ್ನು ಬಹುವಚನ. ಆಂಡ್ರಾಯ್ಡ್ ಬಳಸುವ ನಿಯಮಗಳ ಪ್ರಕಾರ ಕನ್ನಡದಲ್ಲಿ 0 ಮತ್ತು 1 ಎರಡೂ ಏಕವಚನದ ವರ್ಗಕ್ಕೆ ಸೇರುತ್ತವೆ. ಆದರೆ ಅಡಿಕೆ ಮೂಟೆ ‘ಎರಡು’, ಅಡಿಕೆ ಸುಲಿಯುವವರು ‘ಇಬ್ಬರು’ ಎಂಬ ಭೇದ ಯಾವ ನಿಯಮದಲ್ಲೂ ಇಲ್ಲ; ಅದನ್ನು ನೀವೇ ಬರೆಯಬೇಕು. ಇಂಗ್ಲಿಷ್ ವಾಕ್ಯವನ್ನು ಯಂತ್ರಕ್ಕೆ ಕೊಟ್ಟು ಬಂದ ಕನ್ನಡವನ್ನು ಹಾಗೆಯೇ ಅಂಟಿಸಿದ ಆ್ಯಪ್‌ಗಳನ್ನು ನಮ್ಮ ಜನ ಒಂದು ವಾರ ಇಟ್ಟುಕೊಂಡು, ಆಮೇಲೆ ಭಾಷೆಯನ್ನು ಇಂಗ್ಲಿಷಿಗೇ ಬದಲಿಸಿಕೊಳ್ಳುವುದನ್ನು ನೋಡಿದ್ದೇನೆ. ಅವರಿಗೆ ಇಂಗ್ಲಿಷ್ ಬರುತ್ತದೆಂದಲ್ಲ, ಆ ಕನ್ನಡ ಅದಕ್ಕಿಂತ ಕಷ್ಟವೆಂದು.

ಪ್ಲೇ ಸ್ಟೋರಿಗೆ ಏರಿಸುವುದು ಕಷ್ಟವೆ?

ಕಷ್ಟವಲ್ಲ, ಸಮಯ ಬೇಕು. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ ಒಂದು ಷರತ್ತಿದೆ: ಎಲ್ಲರಿಗೂ ಬಿಡುಗಡೆ ಮಾಡುವ ಮುನ್ನ ಕನಿಷ್ಠ 12 ಜನ ಪರೀಕ್ಷಕರು ಸತತ 14 ದಿನ ಆ್ಯಪನ್ನು ಪರೀಕ್ಷೆಗೆ ಒಪ್ಪಿಕೊಂಡಿರಬೇಕು. ಮೊದಲು ಈ ಸಂಖ್ಯೆ 20 ಇತ್ತು, 2024ರ ಕೊನೆಯಲ್ಲಿ ಇಳಿಸಿದರು. ಹಾಸ್ಟೆಲ್ಲಿನಲ್ಲಿದ್ದಾಗಲೇ ಈ ಕೆಲಸ ಮುಗಿಸಿಕೊಳ್ಳಿ, ಪದವಿ ಮುಗಿದು ಊರು ಸೇರಿದ ಮೇಲೆ 12 ಜನರನ್ನು ಹಿಡಿದಿಡುವುದು ಮದುವೆಗೆ ಕರೆಯುವುದಕ್ಕಿಂತ ಕಷ್ಟ. ಆ್ಯಪ್ ಯಾವ ಮಾಹಿತಿ ಸಂಗ್ರಹಿಸುತ್ತದೆ ಎಂಬುದನ್ನು ಅಲ್ಲಿ ಘೋಷಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆಂದಿರುವುದರಿಂದ, ಶಾಲಾ ಮಕ್ಕಳಿಗಾಗಿ ಆ್ಯಪ್ ಮಾಡುವವರು ಅದನ್ನು ಓದಿಕೊಂಡಿರಲಿ. ಬೇಡದ ಅನುಮತಿಗಳನ್ನು, ಮುಖ್ಯವಾಗಿ ಎಸ್‌ಎಂಎಸ್ ಓದುವ ಅನುಮತಿಯನ್ನು, ಕೇಳಲೇಬೇಡಿ. ಆ್ಯಪ್ ತಿರಸ್ಕೃತವಾಗಲು ಅದೊಂದೇ ಸಾಕು.

ಸಂದರ್ಶನದಲ್ಲಿ ಏನು ಕೇಳುತ್ತಾರೆ?

ದೊಡ್ಡ ಕಂಪನಿಗಳು ಡೇಟಾ ಸ್ಟ್ರಕ್ಚರ್ ಮತ್ತು ಅಲ್ಗಾರಿದಮ್ ಪ್ರಶ್ನೆಗಳಿಂದ ಆರಂಭಿಸುತ್ತವೆ, ಅದಕ್ಕೆ ಅಭ್ಯಾಸವಲ್ಲದೆ ಬೇರೆ ದಾರಿಯಿಲ್ಲ. ಆಂಡ್ರಾಯ್ಡಿನ ಬಗ್ಗೆ ಬಹುತೇಕ ಎಲ್ಲರೂ ಕೇಳುವ ಒಂದು ಪ್ರಶ್ನೆಯೆಂದರೆ, ಫೋನನ್ನು ಅಡ್ಡ ತಿರುಗಿಸಿದಾಗ ಪರದೆಯಲ್ಲಿ ಬರೆದದ್ದು ಏಕೆ ಅಳಿಸಿಹೋಗುತ್ತದೆ ಎಂಬುದು. ತಿರುಗಿಸಿದ ಕೂಡಲೇ ಆಂಡ್ರಾಯ್ಡ್ ಆ ಪರದೆಯನ್ನು ಕಿತ್ತು ಹೊಸದಾಗಿ ಕಟ್ಟುತ್ತದೆ, ಹಾಗಾಗಿ ಉಳಿಯಬೇಕಾದದ್ದನ್ನು ಬೇರೆಡೆ ಇಟ್ಟಿರಬೇಕು ಎಂದು ಹೇಳುವುದರ ಜೊತೆಗೆ, ನೀವು ಅದನ್ನು ಎಲ್ಲಿ ಅನುಭವಿಸಿದಿರಿ ಎಂದು ಹೇಳಿದರೆ ಮಾತು ಬೇರೆ ದಿಕ್ಕಿಗೆ ತಿರುಗುತ್ತದೆ. ಪರದೆ ಮುಟ್ಟಿದ 5 ಸೆಕೆಂಡಿನೊಳಗೆ ಆ್ಯಪ್ ಸ್ಪಂದಿಸದಿದ್ದರೆ ‘ಆ್ಯಪ್ ಪ್ರತಿಕ್ರಿಯಿಸುತ್ತಿಲ್ಲ’ ಎಂಬ ಸಂದೇಶ ಬರುವುದೇಕೆ ಎಂಬುದೂ ಇಂಥದೇ ಪ್ರಶ್ನೆ. ಮುಖ್ಯ ಥ್ರೆಡ್ಡಿನ ಮೇಲೆ ಭಾರದ ಕೆಲಸ ಹೇರಿದ್ದೇ ಅದರ ಕಾರಣ. ಇಂಗ್ಲಿಷ್ ತಡವರಿಸಿದರೆ ನಾಚಿಕೊಳ್ಳಬೇಡಿ. ನಿಧಾನವಾಗಿ, ಸಣ್ಣ ವಾಕ್ಯಗಳಲ್ಲಿ, ಗೊತ್ತಿರುವುದನ್ನು ಮಾತ್ರ ಹೇಳಿದ ಸಾಗರದ ಹುಡುಗಿಯೊಬ್ಬಳನ್ನು, ಸರಾಗವಾಗಿ ಮಾತನಾಡಿದ ಮೂವರನ್ನು ಬಿಟ್ಟು, ನಾನೇ ಆಯ್ಕೆ ಮಾಡಿದ್ದೇನೆ.

ಬೆಂಗಳೂರಿಗೆ ಹೋಗಲೇಬೇಕೆ?

ಮೊದಲ ಎರಡು ಮೂರು ವರ್ಷಕ್ಕೆ ಹೋಗುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಇದನ್ನು ಊರಿಗೆ ಮರಳಿದವನೊಬ್ಬ ಹೇಳುತ್ತಿದ್ದಾನೆಂದು ಕೆಲವರು ನಗುತ್ತಾರೆ. ಆದರೆ ಈ ಕೆಲಸದ ಅರ್ಧದಷ್ಟನ್ನು ಕಲಿಯುವುದು ಪಕ್ಕದ ಮೇಜಿನವರು ತೊಡಕೊಂದನ್ನು ಹೇಗೆ ಬಿಡಿಸುತ್ತಾರೆಂದು ನೋಡಿ. ಹೊಸಬರಿಗೆ ಮನೆಯಿಂದ ಅದು ಸಿಗುವುದಿಲ್ಲ. ಶಿವಮೊಗ್ಗದಲ್ಲಿ ಸಾಫ್ಟ್‌ವೇರ್ ಕೆಲಸ ಇದೆ, ಆದರೆ ಆಯ್ಕೆಗಳು ಕಡಿಮೆ, ಒಂದು ಹೋದರೆ ಇನ್ನೊಂದು ಹುಡುಕುವುದು ನಿಧಾನ. ತಾಳಗುಪ್ಪದಿಂದ ಹೊರಡುವ ರಾತ್ರಿ ರೈಲು, ಶಿವಮೊಗ್ಗದಿಂದ ಜನಶತಾಬ್ದಿ, 2023ರ ಫೆಬ್ರವರಿಯಲ್ಲಿ ಸೋಗಾನೆಯಲ್ಲಿ ಉದ್ಘಾಟನೆಯಾದ ವಿಮಾನ ನಿಲ್ದಾಣ ಇವೆಲ್ಲ ಇರುವಾಗ ಬೆಂಗಳೂರು ಮೊದಲಿನಷ್ಟು ದೂರವೂ ಅಲ್ಲ.

ಮಲೆನಾಡಿನ ಮನೆಯಿಂದ ಕೆಲಸ ಮಾಡಲು ಸಾಧ್ಯವೆ?

ಸಾಧ್ಯ, ಆದರೆ ಮಳೆಗಾಲವನ್ನು ಲೆಕ್ಕಕ್ಕೆ ತೆಗೆದುಕೊಂಡು ಹೊರಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ತಂತಿ ಹರಿದರೆ ಮೆಸ್ಕಾಂನವರು ಬರುವಷ್ಟರಲ್ಲಿ ಎರಡು ದಿನ ಕಳೆದಿರುವುದೂ ಉಂಟು. ನಾನು ಇನ್ವರ್ಟರ್ ಜೊತೆಗೆ ಸೋಲಾರ್ ಇಟ್ಟುಕೊಂಡಿದ್ದೇನೆ, ಫೈಬರ್ ಸಂಪರ್ಕದ ಜೊತೆಗೆ ಬೇರೆ ಬೇರೆ ಕಂಪನಿಗಳ ಎರಡು ಸಿಮ್ ಇಟ್ಟುಕೊಂಡಿದ್ದೇನೆ, ಮತ್ತು ಎಲ್ಲವೂ ಕೈಕೊಟ್ಟ ದಿನಕ್ಕೆಂದು ತೀರ್ಥಹಳ್ಳಿ ಪೇಟೆಯಲ್ಲಿ ಸ್ನೇಹಿತರ ಅಂಗಡಿಯ ಮಹಡಿಯಲ್ಲಿ ಒಂದು ಮೇಜು ಗೊತ್ತು ಮಾಡಿಕೊಂಡಿದ್ದೇನೆ. ಗುಡುಗಿನ ಹೊತ್ತಿನಲ್ಲಿ ರೂಟರ್ ತೆಗೆದಿಡದೆ ಎರಡು ಸುಟ್ಟುಕೊಂಡ ಮೇಲೆ ಬಂದ ಬುದ್ಧಿಯೂ ಇದೆ. ಶರಾವತಿ ಹಿನ್ನೀರಿನ ಕರೂರು, ಬಾರಂಗಿ ಹೋಬಳಿಗಳಂಥ ಕಡೆ ಮನೆಯಿರುವವರು ಕೆಲಸ ಒಪ್ಪುವ ಮೊದಲು ಒಂದು ತಿಂಗಳು ನೆಟ್‌ವರ್ಕ್ ಪರೀಕ್ಷಿಸಿ ನೋಡಲಿ. ಇದರಲ್ಲಿ ಒಂದು ಲಾಭವೂ ಉಂಟು: ಸಿಗ್ನಲ್ ಬಂದು ಹೋಗುವ ಊರಿನಲ್ಲಿ ಕುಳಿತು ಬರೆದ ಆ್ಯಪ್ ಸಿಗ್ನಲ್ ಇಲ್ಲದಾಗ ಹೇಗೆ ವರ್ತಿಸುತ್ತದೆಂದು ಪರೀಕ್ಷಿಸಲು ಬೇರೆ ಉಪಕರಣ ಬೇಕಿಲ್ಲ.

ನಮ್ಮ ಮಗಳಿಗೆ ತರಬೇತಿ ಕೊಟ್ಟು ಕೆಲಸ ಕೊಡುತ್ತೇವೆಂದು ಹಣ ಕೇಳುತ್ತಿದ್ದಾರೆ. ಕಟ್ಟಬಹುದೆ?

ಕಲಿಸುವುದಕ್ಕೆ ಹಣ ಪಡೆಯುವುದು ಬೇರೆ, ಕೆಲಸ ಕೊಡುವುದಕ್ಕೆ ಹಣ ಪಡೆಯುವುದು ಬೇರೆ. ಎರಡನೆಯದನ್ನು ಕೇಳಿದ ಕಡೆಯಿಂದ ಎದ್ದು ಬನ್ನಿ. ಮೂಲ ಅಂಕಪಟ್ಟಿಗಳನ್ನು ಒತ್ತೆ ಇಡಬೇಕೆಂದರೂ ಅದೇ ಉತ್ತರ. ತರಬೇತಿ ಕೇಂದ್ರವೆಂದರೆ, ಅಲ್ಲಿ ಕಲಿತವರು ಪ್ಲೇ ಸ್ಟೋರಿಗೆ ಏರಿಸಿದ ಆ್ಯಪ್‌ಗಳನ್ನು ತೋರಿಸಿ ಎಂದು ಕೇಳಿ, ಸುಮ್ಮನಾದರೆ ನೀವೂ ಸುಮ್ಮನೆ ಬನ್ನಿ. ನೇಮಕಾತಿ ಪತ್ರ ಬಂದಾಗ ವಾರ್ಷಿಕ ಮೊತ್ತವನ್ನು 12ರಿಂದ ಭಾಗಿಸಿ ಸಂಬಳವೆಂದು ಭಾವಿಸಬೇಡಿ. ಅದರಲ್ಲಿ ಕಂಪನಿ ಕಟ್ಟುವ ಭವಿಷ್ಯನಿಧಿಯ ಪಾಲು, ಗ್ರಾಚ್ಯುಟಿ, ಸಿಗಬಹುದಾದ ಬೋನಸ್ ಎಲ್ಲವೂ ಸೇರಿರುತ್ತವೆ. ಕೈಗೆ ಬರುವುದೆಷ್ಟು ಎಂದು ನೇರವಾಗಿ ಕೇಳುವುದು ತಪ್ಪಲ್ಲ.

ಕೆಲಸಕ್ಕೆ ಸೇರದೆ ಸ್ವಂತವಾಗಿ ಆ್ಯಪ್ ಮಾಡಿಕೊಟ್ಟು ಬದುಕಬಹುದೆ?

ಬದುಕಬಹುದು, ಆದರೆ ಪದವಿ ಮುಗಿದ ಮರುದಿನವೇ ಬೇಡ. ನಾನು ಸ್ವತಂತ್ರವಾಗಿ ಹಿಡಿದ ಮೊದಲ ಕೆಲಸದಲ್ಲಿ, ಸಂಸ್ಥೆಯೊಂದಕ್ಕೆ ಕೊಠಡಿ ಕಾಯ್ದಿರಿಸುವ ಆ್ಯಪ್ ಮಾಡಿ, ಕೋಡನ್ನೂ ಖಾತೆಯನ್ನೂ ಒಪ್ಪಿಸಿದ ಮೇಲೆ ಉಳಿದ ಅರ್ಧ ಹಣಕ್ಕೆ ಏಳು ತಿಂಗಳು ಅಲೆದೆ, ಕೊನೆಗೂ ಬರಲಿಲ್ಲ. ಅಂದಿನಿಂದ ಕೆಲಸವನ್ನು ನಾಲ್ಕು ಹಂತ ಮಾಡಿ, ಹಿಂದಿನ ಹಂತದ ಹಣ ಬಂದ ಮೇಲೆಯೇ ಮುಂದಿನದನ್ನು ಮುಟ್ಟುತ್ತೇನೆ. ಬಂಧುಗಳಿಗೆ ಮಾಡಿಕೊಡುವಾಗಲೂ ಏನೇನು ಸೇರಿದೆ, ಏನು ಸೇರಿಲ್ಲ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ, ಮೊದಲಿಗೆ ಮುಜುಗರವೆನಿಸಿದರೂ ಸಂಬಂಧ ಉಳಿಯುವುದು ಅದರಿಂದಲೇ. ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಬೇಕು. ಜಾಹೀರಾತಿನಿಂದ ಹಣ ಬರುತ್ತದೆಂಬ ಆಸೆ ಇಟ್ಟುಕೊಂಡವರಿಗೆ ಹೇಳುವುದಿಷ್ಟೆ: ನನ್ನ ಅಡಿಕೆ ಆ್ಯಪಿನಲ್ಲಿ ಒಂದು ವರ್ಷ ಜಾಹೀರಾತು ಇಟ್ಟು ಗಳಿಸಿದ್ದು ಎರಡು ಮಸಾಲೆ ದೋಸೆಯ ಹಣ.

ಎಐ ಕೋಡ್ ಬರೆಯುತ್ತಿರುವಾಗ ಈ ಕೆಲಸ ಉಳಿಯುತ್ತದೆಯೆ?

ಪರದೆಯೊಂದನ್ನು ಬರೆಯುವ ಕೆಲಸ ಬಹಳ ಅಗ್ಗವಾಗಿದೆ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹೊಸಬರಿಗೆ ಮೊದಲು ಸಿಗುತ್ತಿದ್ದ ಸಣ್ಣಪುಟ್ಟ ಕೆಲಸಗಳನ್ನು ಈಗ ಉಪಕರಣವೇ ಮಾಡುತ್ತದೆ. ಕಳೆದ ವರ್ಷ ಕುತೂಹಲಕ್ಕೆ ಅಡಿಕೆ ಸುಲಿತದ ಲೆಕ್ಕದ ಆ್ಯಪನ್ನೇ ಬರೆಯುವಂತೆ ಅಂಥ ಒಂದು ಉಪಕರಣಕ್ಕೆ ಹೇಳಿದೆ. ನಾಲ್ಕು ತಿಂಗಳ ಕೆಲಸ ಹತ್ತು ನಿಮಿಷದಲ್ಲಿ ಬಂತು, ನೋಡಲು ನನ್ನದಕ್ಕಿಂತ ಚೆನ್ನಾಗಿಯೂ ಇತ್ತು. ಆದರೆ ಹಣವನ್ನು ದಶಮಾಂಶದಲ್ಲೇ ಇಟ್ಟಿತ್ತು, ಮತ್ತು ಬಟನ್‌ಗಳು ಚೊಗರು ಮೆತ್ತಿದ ಬೆರಳಿಗೆ ಸಿಗದಷ್ಟು ಸಣ್ಣವಿದ್ದವು. ಎರಡನ್ನೂ ಹೇಳಿದ ಕೂಡಲೇ ತಿದ್ದಿತು. ಹೇಳಬೇಕೆಂದು ತಿಳಿದಿರುವವರು ಯಾರು ಎಂಬುದಷ್ಟೇ ಉಳಿದ ಪ್ರಶ್ನೆ, ಆದ್ದರಿಂದ ಕಲಿಯುವ ಕಾಲದಲ್ಲಿ ಒಂದಾದರೂ ಆ್ಯಪನ್ನು ಅದರ ನೆರವಿಲ್ಲದೆ ಬರೆಯಿರಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ಒಮ್ಮೆ ಮಾಡಿದ ಆ್ಯಪ್ ತಾನಾಗಿಯೇ ನಡೆದುಕೊಂಡು ಹೋಗುತ್ತದೆಯೆ?

ಇಲ್ಲ. ಆಂಡ್ರಾಯ್ಡಿನ ಹೊಸ ಆವೃತ್ತಿಗಳಿಗೆ ಹೊಂದಿಸದೆ ಬಿಟ್ಟ ಆ್ಯಪ್ ಕೆಲವು ವರ್ಷಗಳಲ್ಲಿ ಹೊಸ ಫೋನು ಕೊಂಡವರಿಗೆ ಪ್ಲೇ ಸ್ಟೋರಿನಲ್ಲಿ ಕಾಣದಂತಾಗುತ್ತದೆ, ಮತ್ತು ಹಾಗೆ ಹೊಂದಿಸಲು ಗೂಗಲ್ ಕೊಡುವ ಗಡುವು ಸಾಮಾನ್ಯವಾಗಿ ಆಗಸ್ಟ್ 31. ನಮ್ಮ ಕಡೆ ಆಗ ಮಘೆ ಮಳೆ ಮುಗಿಯುವ ಹೊತ್ತು, ಕರೆಂಟಿನ ಭರವಸೆ ಇಲ್ಲದ ಕಾಲ. ಹಾಗಾಗಿ ನಾನು ಈ ಕೆಲಸವನ್ನು ಮೇ ತಿಂಗಳಲ್ಲೇ, ಕಟ್ಟಿಗೆ ಒಟ್ಟುವ ಹೊತ್ತಿಗೆ, ಮುಗಿಸಿಕೊಳ್ಳುತ್ತೇನೆ. ಅಡಿಕೆ ಆ್ಯಪನ್ನು ಈಗ ನಮ್ಮ ಊರಿನ ಹದಿನಾಲ್ಕು ಮನೆಗಳವರು ಬಳಸುತ್ತಾರೆ. ಅಮ್ಮ ಅದರ ಜೊತೆಗೆ ಡೈರಿಯನ್ನೂ ಬರೆಯುತ್ತಾರೆ.